ಕಪ್ಪು ಜನರ ಹಾಡೂ ನಮ್ಮ ಬೀದಿಯ ಹುಡುಗರೂ

(ಚಾಮರಾಜಪೇಟೆಯಲ್ಲಿ ಸೇರಿದ್ದ ಮಿಲ್ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ಬೆಲೆ ಏರಿಕೆ, ತಳ್ಳುಗಾಡಿಯವರ ಲೈಸೆನ್ಸು, ಇವುಗಳ ಮೇಲೆ ಮಾತು ಕೇಳಲು ನೀವು ಬಂದಿದ್ದೀರಿ. ನಾವು ಇಂದು ಹಾಡಿನ ಮೇಲೆ ಮಾತನಾಡುತ್ತೇವೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿಂದಿನ ಸಾಲಿನಿಂದ ಯಾರೋ ಅಂದದ್ದು ಕೇಳಿಸಿತು. ಸ್ವಲ್ಪ ತಾಳಿ. ಹಿಟ್ಟಿಲ್ಲದವನು ತನಗೆ ಹಿಟ್ಟಿಲ್ಲವೆಂದು ನಾಲ್ಕು ಜನರೆದುರು ಹೇಳಬೇಕಲ್ಲ. ಅದನ್ನು ಯಾವ ಬಾಯಿಂದ ಹೇಳುತ್ತಾನೆ, ಅವನಿಗೆ ವೇದಿಕೆ ಕೊಡುವವರು ಯಾರು, ಇದೇ ಇಂದಿನ ವಿಷಯ.

ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ವರ್ಷ ನಮ್ಮದೇ ಬಡಾವಣೆಯ ಒಂದು ಸಮಾರಂಭದಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ವೇದಿಕೆ ಹತ್ತಿದ. ತಾಯಿ ಗಾರ್ಮೆಂಟ್ಸಿನಲ್ಲಿ ಹೊಲಿಯುವವರು, ತಂದೆ ಗಾಡಿಯಲ್ಲಿ ಬಾಳೆಹಣ್ಣು ಮಾರುವವರು. ಹುಡುಗ ರಾಗ ಎಳೆಯಲಿಲ್ಲ. ತಾಳಕ್ಕೆ ಸರಿಯಾಗಿ ಮಾತನ್ನು ಉದುರಿಸತೊಡಗಿದ. ರ‍್ಯಾಪ್ ಎನ್ನುತ್ತಾರಲ್ಲ, ಅದು. ಅಮ್ಮ ಗಂಟೆಗೆ ಎಷ್ಟು ಪೀಸು ಹೊಲಿಯಬೇಕು, ಲೆಕ್ಕ ತಪ್ಪಿದರೆ ಸೂಪರ್‌ವೈಸರ್ ಏನೆಂದು ಬೈಯುತ್ತಾನೆ, ಆ ಬೈಗುಳವನ್ನು ಹೊತ್ತುಕೊಂಡು ಆಕೆ ಬಸ್ಸಿನಲ್ಲಿ ಹೇಗೆ ನಿಂತು ಬರುತ್ತಾಳೆ, ಎಲ್ಲವನ್ನೂ ಪ್ರಾಸ ಹಾಕಿ ಹೇಳುತ್ತಿದ್ದ. ಮುಂದಿನ ಸಾಲಿನ ಹಿರಿಯರ ಮುಖ ಗಂಟಾಯಿತು. ಎರಡು ನಿಮಿಷವಾಗಿರಬೇಕು, ಮೈಕು ನಿಂತುಹೋಯಿತು. ಆರಿಸು ಎಂದು ಮೈಕಿನವನಿಗೆ ಸನ್ನೆ ಮಾಡಿದವರು ಬೇರೆ ಯಾರೂ ಅಲ್ಲ, ನಾವೇ.

ಆ ಹುಡುಗ ಹಿಂದೆ ನಮ್ಮ ತರಗತಿಯಲ್ಲೇ ಇದ್ದವನು. ಪಾಠದ ನಡುವೆ ಬೆಂಚು ಬಡಿಯುತ್ತಿದ್ದ. ಆಗಲೂ ಅವನನ್ನು ಹೊರಗೆ ನಿಲ್ಲಿಸಿದವರು ನಾವೇ. ಮೈಕು ಆರಿದಾಗ ಅವನು ಜಗಳವಾಡಲಿಲ್ಲ. "ಸಾರ್, ಇನ್ನೂ ಅಪ್ಪನ ಭಾಗ ಬಾಕಿ ಇತ್ತು" ಎಂದಷ್ಟೇ ಹೇಳಿ ಇಳಿದುಹೋದ. ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಈ ಹಾಡುಗಾರಿಕೆ ಎಲ್ಲಿಂದ ಬಂತು, ಯಾರದು ಎಂದು ತಿಳಿಯಹೊರಟೆವು. ನಮ್ಮದು ಮೆಟ್ರಿಕ್ಕಿನ ಇಂಗ್ಲಿಷ್. ಆದರೂ ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇವೆ.

ಇದರಲ್ಲಿ ಮೂರು ಹೆಸರುಗಳು ಬರುತ್ತವೆ: ಸೋಲ್, ರೆಗೇ, ಹಿಪ್ ಹಾಪ್. ಮೂರನ್ನೂ ಕಟ್ಟಿದವರು ಕಪ್ಪು ಜನ. ಗುಲಾಮರಾಗಿ ಹಡಗಿನಲ್ಲಿ ತುಂಬಿ ಸಾಗಿಸಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು.

ಸೋಲ್ ಎಂದರೆ ಆತ್ಮ. ಚರ್ಚಿನ ಭಜನೆಯ ಧಾಟಿಯನ್ನು ಬೀದಿಯ ಸುಖದುಃಖಕ್ಕೆ ಇಳಿಸಿದ ಹಾಡು. ಅಮೆರಿಕದ ಡೆಟ್ರಾಯಿಟ್ ಮೋಟಾರು ಕಾರ್ಖಾನೆಗಳ ಊರು. ಅಲ್ಲಿ ಬೆರಿ ಗಾರ್ಡಿ ಎಂಬಾತ ಕಾರುಗಳನ್ನು ಜೋಡಿಸುವ ಸಾಲಿನಲ್ಲಿ ನಿಂತು ದುಡಿದವನು. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತೆಗೆದು ಹಾಡಿನ ಕಂಪನಿಯೊಂದನ್ನು ಆರಂಭಿಸಿದ. ಅದೇ ಮೋಟೌನ್. ಅದರ ಹಾಡು ಲೋಕವನ್ನೆಲ್ಲ ಸುತ್ತಿತು. ಕಾರ್ಖಾನೆಯ ಗದ್ದಲದಲ್ಲಿ ನಿಂತವನ ಕಿವಿಗೆ ಸಂಗೀತ ತಿಳಿಯದು ಎನ್ನುವವರು ಇದನ್ನು ನೆನಪಿಡಬೇಕು.

ಇನ್ನೊಬ್ಬ ಸ್ಯಾಮ್ ಕುಕ್. ದೊಡ್ಡ ಹೆಸರು ಮಾಡಿದ್ದ ಗಾಯಕ. 1963ರಲ್ಲಿ ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್ ಎಂಬ ಊರಿನ ಒಂದು ವಸತಿಗೃಹದಲ್ಲಿ ಅವನಿಗೆ ಕೋಣೆ ಕೊಡಲಿಲ್ಲ. ಕೇಳಿದ್ದಕ್ಕೆ ಪೊಲೀಸರು ಹಿಡಿದರು. ಬದಲಾವಣೆ ಬಂದೇ ಬರುತ್ತದೆ ಎಂಬ ಅರ್ಥದ ಅವನ ಹಾಡು ಹೊರಬಂದದ್ದು ಮರುವರ್ಷ, 1964ರಲ್ಲಿ. ಅದೇ 1964ರ ಮೇ ತಿಂಗಳಲ್ಲಿ ಮಿಸಿಸಿಪಿ ರಾಜ್ಯದ ಜಾಕ್ಸನ್ ಎಂಬ ಊರಿನಲ್ಲಿ ನಮ್ಮ ರಾಮಮನೋಹರ ಲೋಹಿಯಾ ಅವರು ಪಂಚೆ ಉಟ್ಟುಕೊಂಡು ಬಿಳಿಯರ ಹೋಟೆಲೊಂದಕ್ಕೆ ಹೋದರು. ಒಳಗೆ ಬಿಡಲಿಲ್ಲ. ಹೊರಡಿರೆಂದರೆ ಅವರು ಹೊರಡಲಿಲ್ಲ, ಪೊಲೀಸರು ಹಿಡಿದೊಯ್ದರು. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಪರವಾಗಿ ಬಂಧನಕ್ಕೆ ಒಳಗಾದ ಅದೇ ಮನುಷ್ಯ! ಊಟದ ಮನೆಯ ಬಾಗಿಲಲ್ಲಿ ಜಾತಿ ಕೇಳುವುದನ್ನು ಕಂಡ ನಾಡಿನವರಿಗೆ ಬಣ್ಣ ಕೇಳುವ ಬಾಗಿಲು ಹೊಸದೇನಲ್ಲ.

1968ರ ಫೆಬ್ರವರಿಯಲ್ಲಿ ಮೆಂಫಿಸ್ ನಗರದ ಕಸದ ಲಾರಿಯಲ್ಲಿ ಸಿಕ್ಕಿ ಇಬ್ಬರು ಪೌರಕಾರ್ಮಿಕರು ಜಜ್ಜಿಹೋಗಿ ಸತ್ತರು. ಸಾವಿರಕ್ಕೂ ಮೇಲ್ಪಟ್ಟ ಕಾರ್ಮಿಕರು ಮುಷ್ಕರ ಹೂಡಿದರು. ಅವರು ಹಿಡಿದ ಹಲಗೆಗಳ ಮೇಲೆ ಸಂಬಳದ ಅಂಕಿ ಇರಲಿಲ್ಲ. 'ನಾನು ಮನುಷ್ಯ' ಎಂದಿತ್ತು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲಿಯ ಲೊರೇನ್ ಮೋಟೆಲಿನಲ್ಲಿ ಗುಂಡೇಟಿಗೆ ಬಲಿಯಾದರು. ಕಪ್ಪು ಬಿಳಿ ಎನ್ನದೆ ಕೂಡಿ ನುಡಿಸುತ್ತಿದ್ದ ಸ್ಟ್ಯಾಕ್ಸ್ ಕಂಪನಿಯ ಸೋಲ್ ಕಲಾವಿದರು ಕುಳಿತು ಹಾಡು ಕಟ್ಟುತ್ತಿದ್ದ ಮೋಟೆಲೂ ಅದೇ. ಆ ಊರಿನಲ್ಲಿ ಹಾಡೂ ಮುಷ್ಕರವೂ ಒಂದೇ ಸೂರಿನ ಕೆಳಗಿದ್ದವು.

ತಾಯಂದಿರು ಒಂದು ಮಾತು ಕೇಳಬೇಕು. 'ರೆಸ್ಪೆಕ್ಟ್', ಎಂದರೆ ಮರ್ಯಾದೆ, ಎಂಬ ಹಾಡನ್ನು 1965ರಲ್ಲಿ ಓಟಿಸ್ ರೆಡಿಂಗ್ ಬರೆದು ಹಾಡಿದ. ಅದು ದುಡಿದು ಮನೆಗೆ ಬಂದ ಗಂಡಸು ಹೆಂಡತಿಯಿಂದ ಮರ್ಯಾದೆ ಕೇಳುವ ಹಾಡು. 1967ರಲ್ಲಿ ಅರೆಥಾ ಫ್ರಾಂಕ್ಲಿನ್ ಅದನ್ನೇ ಎತ್ತಿಕೊಂಡು ಹೆಂಗಸು ಗಂಡಸಿನಿಂದ ಮರ್ಯಾದೆ ಕೇಳುವ ಹಾಡಾಗಿ ತಿರುಗಿಸಿದಳು. ಜನ ನೆನಪಿಟ್ಟುಕೊಂಡದ್ದು ಆಕೆಯ ಹಾಡನ್ನು.

ಇನ್ನು ರೆಗೇ. ಇದು ಜಮೈಕಾ ದ್ವೀಪದ್ದು. ಅಲ್ಲಿಯ ಕಬ್ಬಿನ ತೋಟಗಳಿಗೆ 1845ರಿಂದ ನಮ್ಮ ದೇಶದ ಕೂಲಿಗಳನ್ನೂ ಒಪ್ಪಂದದ ಮೇಲೆ ಸಾಗಿಸಿದ್ದರು. ರಾಜಧಾನಿ ಕಿಂಗ್‌ಸ್ಟನ್ನಿನ ಬಡಜನಕ್ಕೆ ವಾದ್ಯಗೋಷ್ಠಿಯ ಟಿಕೆಟು ಕೊಳ್ಳುವ ಶಕ್ತಿ ಇರಲಿಲ್ಲ. ಅವರು ಆಳೆತ್ತರದ ಸ್ಪೀಕರುಗಳನ್ನು ಬೀದಿಗೆ ತಂದಿಟ್ಟು ರೆಕಾರ್ಡು ಹಾಕಿ ಕುಣಿದರು. ನಮ್ಮ ಗಣೇಶನ ಪೆಂಡಾಲಿನ ಧ್ವನಿವರ್ಧಕವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಬಡಾವಣೆಗಳಲ್ಲಿ ಬೆಳೆದ ಬಾಬ್ ಮಾರ್ಲಿ ಹುಡುಗನಾಗಿದ್ದಾಗ ವೆಲ್ಡಿಂಗ್ ಕೆಲಸಕ್ಕೆ ಸೇರಿದ್ದವನು. ಎದ್ದು ನಿಲ್ಲಿ, ನಿಮ್ಮ ಹಕ್ಕಿಗಾಗಿ ನಿಲ್ಲಿ ಎಂದು ಹಾಡಿದ. 1978ರಲ್ಲಿ ಒಬ್ಬರನ್ನೊಬ್ಬರು ಕೊಲ್ಲುವ ಮಟ್ಟಕ್ಕೆ ಹೋಗಿದ್ದ ಎರಡು ಪಕ್ಷಗಳ ಮುಖಂಡರನ್ನು ವೇದಿಕೆಗೆ ಕರೆದು ಕೈಕೈ ಹಿಡಿಸಿದ. 1980ರಲ್ಲಿ ಜಿಂಬಾಬ್ವೆ ಸ್ವತಂತ್ರವಾದ ದಿನ ಅಲ್ಲಿಗೆ ಹೋಗಿ ಹಾಡಿದ. ಮರುವರ್ಷ 36ನೇ ವಯಸ್ಸಿಗೆ ತೀರಿಕೊಂಡ.

ಹಿಪ್ ಹಾಪ್ ಹುಟ್ಟಿದ್ದು ಆ ಕಿಂಗ್‌ಸ್ಟನ್ನಿನ ಹುಡುಗನಿಂದಲೇ. ಕ್ಲೈವ್ ಕ್ಯಾಂಬೆಲ್ ಅವನ ಹೆಸರು, ಜನ ಕರೆದದ್ದು ಕೂಲ್ ಹರ್ಕ್ ಎಂದು. ಮನೆಯವರೊಡನೆ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದಿದ್ದ. ದೊಡ್ಡ ಹೆದ್ದಾರಿಗಾಗಿ ಬಡವರ ಕೇರಿಗಳನ್ನು ಸೀಳಿದ್ದ ಜಾಗ ಅದು. 1973ರ ಆಗಸ್ಟ್ 11ರಂದು ಅವನ ತಂಗಿ ಸಿಂಡಿ, ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಬೇಕೆಂದು, ತಮ್ಮ ವಠಾರದ ಕೆಳಮನೆಯಲ್ಲಿ ಒಂದು ಕೂಟ ಏರ್ಪಡಿಸಿದಳು. ಹೆಣ್ಣುಮಕ್ಕಳಿಗೆ 25 ಸೆಂಟು, ಗಂಡುಮಕ್ಕಳಿಗೆ 50 ಸೆಂಟು ಪ್ರವೇಶ. ಹಾಡಿನ ನಡುವೆ ಮಾತು ನಿಂತು ಬರೀ ತಾಳ ಬರುವ ತುಣುಕಿಗೆ ಜನ ಹೆಚ್ಚು ಕುಣಿಯುವುದನ್ನು ಹರ್ಕ್ ಕಂಡಿದ್ದ. ಎರಡು ಯಂತ್ರಗಳಲ್ಲಿ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು ಆ ತುಣುಕನ್ನೇ ಮತ್ತೆ ಮತ್ತೆ ತಿರುಗಿಸಿದ. ಅದರ ಮೇಲೆ ಮಾತು ಸೇರಿತು. ಅದೇ ರ‍್ಯಾಪ್ ಆಯಿತು. ಇಂದು ಕೋಟಿಗಟ್ಟಲೆಯ ವ್ಯಾಪಾರವಾಗಿರುವುದರ ಮೂಲ ಒಬ್ಬ ಬಡ ಹುಡುಗಿಯ ಶಾಲೆಯ ಬಟ್ಟೆ!

ಸಂಗಾತಿಗಳೇ, ಇದೆಲ್ಲ ಪರದೇಶದ್ದು, ನಮಗೇತಕ್ಕೆ ಎಂದು ಕೇಳುತ್ತೀರಿ. ಸ್ಯಾಕ್ಸೋಫೋನ್ ಎಲ್ಲಿಯದು? ಕಪ್ಪು ಜನರ ಹಾಡಿನಲ್ಲೆಲ್ಲ ಮೊಳಗುವ ವಾದ್ಯ ಅದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಪಿಟೀಲೂ ಹಡಗಿನಲ್ಲಿ ಬಂದದ್ದೇ. ದೊಡ್ಡವರ ಕೈಯಲ್ಲಿದ್ದರೆ ಪರದೇಶದ ವಾದ್ಯ ನಮ್ಮದಾಗುತ್ತದೆ, ಬಾಳೆಹಣ್ಣಿನ ಗಾಡಿಯವರ ಮಗನ ಬಾಯಲ್ಲಿದ್ದರೆ ಮಾತ್ರ ಪರದೇಶದ್ದಾಗುತ್ತದೆಯೇ?

ಅದಿರಲಿ, ಈ ಗುಣ ನಮ್ಮಲ್ಲಿ ಇರಲಿಲ್ಲವೇ? ಉತ್ತರ ಕರ್ನಾಟಕದ ಗೀಗೀ ಪದದಲ್ಲಿ ಹರದೇಶಿಯವರು ಗಂಡು ಮೇಲೆಂದರೆ ನಾಗೇಶಿಯವರು ಹೆಣ್ಣು ಮೇಲೆನ್ನುತ್ತಾರೆ. ಬೆಳಗಿನವರೆಗೆ ಸವಾಲು ಜವಾಬು ನಡೆಯುತ್ತದೆ. ಇಂದಿನ ಹುಡುಗರು ಎದುರುಬದುರು ನಿಂತು ಆಡುವ ರ‍್ಯಾಪ್ ಕಾಳಗವೂ ಇದೇ ಜಾತಿಯದು.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ಮಲ್ಲೇಶ್ವರದ ಪಕ್ಕದ ಶ್ರೀರಾಮಪುರಕ್ಕೆ ಬನ್ನಿ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಬೆಳೆದದ್ದು ಆ ಶ್ರಮಜೀವಿಗಳ ಕೇರಿಯಲ್ಲಿ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರೆಂದು ಗಲಭೆಯೆದ್ದು ಅವರು ಸ್ಥಾನ ಬಿಡಬೇಕಾಯಿತು. ಬೂಸಾ ಅಲ್ಲದ್ದು ಯಾವುದೆಂಬುದಕ್ಕೆ ಉತ್ತರವಾಗಿ ಬಂದಂತೆ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಬಡಿದು ಅವನ್ನು ಹಳ್ಳಿಹಳ್ಳಿಯಲ್ಲಿ ಹಾಡಿದರು. ಓದು ಬಾರದವರಿಗೂ ಪುಸ್ತಕ ಬಾಯಿಪಾಠವಾಯಿತು. ಅದಕ್ಕೆ ಮುಂಚೆ 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರುಗಳು ತಮ್ಮ ಹೆಸರನ್ನೇ ಅಮೆರಿಕದ ಕಪ್ಪು ಪ್ಯಾಂಥರುಗಳಿಂದ ಪಡೆದಿದ್ದರು. ಈ ನಂಟು ಹೀಗೆ ಹಳೆಯದು. ಸಾವಿನ ಮನೆಯ ಮುಂದೆ ಬಡಿಯುವುದೆಂದು ದೂರವಿಟ್ಟಿದ್ದ ಆ ತಮಟೆಗೆ, ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರ ಕೈಯಿಂದ, 2023ರಲ್ಲಿ ಪದ್ಮಶ್ರೀಯ ಗೌರವ ಬಂತು.

ಇಂದು ಬೆಂಗಳೂರಿನ ಹುಡುಗರು ಎಲ್ಲಿಗೆ ಮುಟ್ಟಿದ್ದಾರೆ ನೋಡಿ. ಇದೇ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಸಂಗೀತ ಕೇಳಿ ಬೆಳೆದ ಊರು ನಮ್ಮದು. ಈ ಊರಿನ ಬ್ರೋಧಾ ವಿ 2012ರಲ್ಲಿ 'ಆತ್ಮ ರಾಮ' ಎಂಬ ಹಾಡಿನಲ್ಲಿ ರಾಮಸ್ತುತಿಯನ್ನೂ ರ‍್ಯಾಪನ್ನೂ ಕೂಡಿಸಿದರು. ಆಲ್ ಓಕೆ ಎಂದು ಹೆಸರಾದ ಅಲೋಕ್ ಕನ್ನಡದಲ್ಲೇ ರ‍್ಯಾಪ್ ಮಾಡಿ ಜನಪ್ರಿಯರಾದರು. ಇಲ್ಲಿ ನೌಕರಿ ಮಾಡುತ್ತಲೇ ರ‍್ಯಾಪ್ ಬೆಳೆಸಿಕೊಂಡ, ಕೇರಳ ಮೂಲದ ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' 2024ರಲ್ಲಿ ಲೋಕವನ್ನೆಲ್ಲ ಸುತ್ತಿತು. ಅದರ ಚಿತ್ರದಲ್ಲಿ ಇರುವುದು ಯಾವ ಅರಮನೆಯೂ ಅಲ್ಲ, ಜಾತ್ರೆಯಲ್ಲಿ ನೀವು ಕಾಸು ಕೊಟ್ಟು ನೋಡಿದ ಸಾವಿನ ಬಾವಿ, ಅದರ ಗೋಡೆಯ ಮೇಲೆ ಪ್ರಾಣ ಪಣವಿಟ್ಟು ಮೋಟಾರು ಸೈಕಲ್ ಓಡಿಸುವ ಕೂಲಿಯವರು.

ಆದರೆ ಎಲ್ಲವನ್ನೂ ಹೊಗಳಲು ನಾವು ಬಂದಿಲ್ಲ. ಹೆಂಡ, ಕಾರು, ಬಂಗಾರದ ಸರ ಇವನ್ನೇ ಕೊಂಡಾಡುವ, ಹೆಣ್ಣನ್ನು ಹೀನವಾಗಿ ಆಡಿಕೊಳ್ಳುವ ರ‍್ಯಾಪೂ ಬೇಕಾದಷ್ಟಿದೆ. ದುಡ್ಡಿದ್ದವರಿಗೆ ಅದೇ ಹೆಚ್ಚು ಬೇಕು, ಏಕೆಂದರೆ ಅದು ಅವರ ಸರಕನ್ನು ಮಾರಿಕೊಡುತ್ತದೆ. ಹಸಿವಿನಿಂದ ಹುಟ್ಟಿದ ಹಾಡನ್ನು ಹೊಟ್ಟೆ ತುಂಬಿದವರು ಕೊಂಡುಕೊಳ್ಳುವುದು ಎಲ್ಲ ಕಾಲದ ಕಥೆ. ಹುಡುಗರು ಅತ್ತ ಹೋಗದಿರಬೇಕಾದರೆ ಅವರಿಗೆ ಕೇಳುಗರು ಇಲ್ಲಿ, ತಮ್ಮ ಬೀದಿಯಲ್ಲೇ ಇರಬೇಕು. ನಾವು ಮೈಕು ಆರಿಸಿದರೆ ಅವರು ಮಾರುವವರ ಮೈಕಿಗೆ ಹೋಗುತ್ತಾರೆ.

1884ರಲ್ಲಿ ಸ್ಥಾಪನೆಯಾದ ಬಿನ್ನಿ ಮಿಲ್ ಇಲ್ಲಿಂದ ಕೂಗಳತೆಯಲ್ಲಿತ್ತು. ಇಂದು ಆ ನೆಲದಲ್ಲಿ ಬಹುಮಹಡಿ ಮನೆಗಳೂ ಮಾಲೂ ನಿಂತಿವೆ. ಅಲ್ಲಿ ದುಡಿದವರು ಮಗ್ಗದ ಸದ್ದಿನ ನಡುವೆ ಏನು ಹಾಡಿಕೊಂಡರೆಂಬುದನ್ನು ಬರೆದಿಟ್ಟವರು ಎಷ್ಟು ಜನ? 2016ರ ಏಪ್ರಿಲ್‌ನಲ್ಲಿ ಪ್ರಾವಿಡೆಂಟ್ ಫಂಡಿನ ಹೊಸ ನಿಯಮದ ವಿರುದ್ಧ ಇದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮವನ್ನೇ ಹಿಂತೆಗೆದುಕೊಂಡಿತು. ಅಂಥ ಗೆಲುವನ್ನು ಮೊಮ್ಮಕ್ಕಳವರೆಗೆ ಮುಟ್ಟಿಸುವುದು ನಮ್ಮ ಠರಾವುಗಳಲ್ಲ, ಹಾಡು.

ಆದ್ದರಿಂದ ಮೂರು ಮಾತು ಮುಂದಿಡುತ್ತೇವೆ. ಒಂದು, ಬರುವ ಮೇ ದಿನದ ಸಭೆಯಲ್ಲಿ ಅರ್ಧ ಗಂಟೆ ಕೇರಿಯ ಹುಡುಗ ಹುಡುಗಿಯರಿಗೆ ಬಿಡಬೇಕು, ಅವರ ಜೊತೆಗೆ ತಮಟೆಯವರಿಗೂ. ಎರಡು, ಅಂಗಡಿಯವರು ಗಣೇಶನ ಪೆಂಡಾಲಿಗೆ ಕೊಡುವ ಚಂದಾದಲ್ಲಿ ಒಂದು ಪಾಲು ಈ ಮಕ್ಕಳ ಮೈಕಿಗೂ ಮೀಸಲಾಗಲಿ. ಮೂರನೆಯದು ಹುಡುಗರಿಗೆ: ಹೆಣ್ಣನ್ನು ಹಳಿಯಬೇಡಿ, ಕಾಣದ ಊರಿನ ಬಂದೂಕು ಬಂಗಾರದ ಮಾತು ಬೇಡ, ಕಂಡ ಬೀದಿಯನ್ನು ಹೇಳಿ, ಅದೂ ನಮ್ಮ ನುಡಿಯಲ್ಲಿ.

ಆ ಹುಡುಗ ಇಂದು ಈ ಸಭೆಗೆ ಬಂದಿದ್ದಾನೆ. ಬಾಗಿಲ ಹತ್ತಿರ ನಿಂತಿದ್ದಾನೆ. ನಾವೇ ಮನೆಗೆ ಹೋಗಿ ಕರೆದೆವು. ಒಳಗೆ ಬಾರಪ್ಪ. ಅಮ್ಮನ ಭಾಗ ಈ ಜನ ಎರಡು ನಿಮಿಷ ಕೇಳಿದ್ದಾರೆ. ಅಪ್ಪನ ಭಾಗ ಬಾಕಿ ಇದೆ. ಅಧ್ಯಕ್ಷರ ಅಪ್ಪಣೆ ಬೇಡಿ ನಾವು ಕುಳಿತುಕೊಳ್ಳುತ್ತೇವೆ. ಮೈಕು ಹಾಗೆಯೇ ಇರಲಿ.