ಯಾವ ಐಡಿಇ ಬೆಸ್ಟ್? ಮೊದಲು ಡೇಟಾ ಬಗ್ಗೆ ಮಾತಾಡುವ

ಇಯರ್‌ಫೋನ್ ಸಿಕ್ಕಿಸಿಕೊಂಡು ಕಾರ್ಕಳ ಬಸ್ಸಲ್ಲಿ ನೇತಾಡುತ್ತಾ ಇರುವವರಿಗೂ, ಮಣಿಪಾಲದ ಹಾಸ್ಟೆಲಲ್ಲಿ ಅಸೈನ್‌ಮೆಂಟ್ ನಾಳೆಗೆ ತಳ್ಳಿ ಮಲಗಿರುವವರಿಗೂ.

ಈ ಸಲದ ವಿಷಯ ಐಡಿಇ. ಅಂದರೆ ಕೋಡ್ ಬರೆಯುವ ಜಾಗ, ಓಡಿಸುವ ಬಟನ್, ತಪ್ಪು ಹುಡುಕುವ ಡಿಬಗ್ಗರ್, ಇದೆಲ್ಲ ಒಂದೇ ಕಿಟಕಿಯಲ್ಲಿ ಇರುವ ಸಾಫ್ಟ್‌ವೇರ್. ವಿಎಸ್ ಕೋಡ್ ಹಾಕೋದಾ, ಇಂಟೆಲಿಜೆ ಹಾಕೋದಾ, ಎಕ್ಲಿಪ್ಸ್ ಸತ್ತುಹೋಯ್ತಾ, ಡೇಟಾಬೇಸಿಗೆ ಎಂತ ಮಾಡೋದು, ಇದೇ ಪ್ರಶ್ನೆಗಳು.

ನಾನು ಬಿಕಾಂ ಮಾಡಿದ ಜನ. ಕಂಪ್ಯೂಟರ್ ಸೈನ್ಸಿನವರ ಹಾಗೆ ಸಾಫ್ಟ್‌ವೇರ್ ಮೇಲೆ ಜಾತಿಪ್ರೇಮ ಇಲ್ಲ. ಆದರೆ ಲೆಕ್ಕದ ಮೇಲೆ ಭಯ ಉಂಟು. ಹಾಗಾಗಿ ಈ ಕಂತಿನಲ್ಲಿ ಕೋಡ್ ಎಡಿಟರ್ ಬಗ್ಗೆ ಬೇಗ ಮುಗಿಸಿ ಡೇಟಾಬೇಸ್ ಟೂಲ್ ಹತ್ತಿರ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕೆ ಅಂತ ಕೇಳ್ತಾ ಹೋಗಿ, ಗೊತ್ತಾಗ್ತದೆ.

ಮೊದಲು ಆ ನೀಲಿ ಪರದೆ. ಟರ್ಬೊ ಸಿ. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ತಂದದ್ದು. ನಮ್ಮ ದೇಶದ ಎಷ್ಟೋ ಕಾಲೇಜು ಲ್ಯಾಬುಗಳಲ್ಲಿ ಅದು ಮೂವತ್ತು ವರ್ಷದ ನಂತರವೂ ಓಡಿತು. ಈಗಿನ 64 ಬಿಟ್ ವಿಂಡೋಸಲ್ಲಿ ನೇರ ಓಡದೆ ಇದ್ದರೂ ಡಾಸ್‌ಬಾಕ್ಸ್ ಒಳಗೆ ಕೂರಿಸಿ ಓಡಿಸುತ್ತಾರೆ. ಅದರ ಕಾಲಕ್ಕೆ ಅದು ಅದ್ಭುತವೇ, ಅದರಲ್ಲಿ ಮಾತಿಲ್ಲ. ಈಗ ಮಾತ್ರ ಒಂದು ಲೆಕ್ಕ ಮಾಡಿ ನೋಡಿ. ಕಾಲೇಜ್ ಡೇಗೆ 800 ಪ್ಲೇಟ್ ಊಟ, ಪ್ಲೇಟಿಗೆ 50 ರೂಪಾಯಿ. ಬಾಯಲ್ಲೇ ಹೇಳಬಹುದು, 40,000. ಟರ್ಬೊ ಸಿಯಲ್ಲಿ ಎರಡನ್ನೂ ಇಂಟ್ ಅಂತ ಇಟ್ಟು ಗುಣಿಸಿದರೆ ಉತ್ತರ ಮೈನಸ್ 25,536! ಅಲ್ಲಿ ಇಂಟ್ ಅಂದರೆ 16 ಬಿಟ್, 32,767 ದಾಟಿದರೆ ತಿರುಗಿ ಮೈನಸ್‌ಗೆ ಬೀಳ್ತದೆ. ಇವತ್ತಿನ ಕಂಪೈಲರ್‌ಗಳಲ್ಲಿ ಇಂಟ್ ಸಾಮಾನ್ಯವಾಗಿ 32 ಬಿಟ್, 40,000 ಸರಿಯಾಗಿಯೇ ಬರ್ತದೆ. ಅಂದರೆ ಲ್ಯಾಬಲ್ಲಿ ಒಂದು, ಕೆಲಸಕ್ಕೆ ಸೇರಿದಲ್ಲಿ ಇನ್ನೊಂದು. ಇಂಟರ್‌ವ್ಯೂನಲ್ಲಿ ವಾಯ್ಡ್ ಮೇನ್ ಅಂತ ಬರೆದು ಹುಬ್ಬು ಮೇಲೆ ಹೋಗುವಂತೆ ಮಾಡುವುದೂ ಇದೇ ಅಭ್ಯಾಸ. ಲ್ಯಾಬಿನ ಪರೀಕ್ಷೆಗೆ ಅದು ಬೇಕಾದರೆ ಮಾಡಿ, ಮನೆಯಲ್ಲಿ ಮಾತ್ರ ಕೋಡ್‌ಬ್ಲಾಕ್ಸ್ ಅಥವಾ ವಿಎಸ್ ಕೋಡ್ ಜೊತೆ ಜಿಸಿಸಿ ಹಾಕಿಕೊಳ್ಳಿ.

ಒಂದು ತಮಾಷೆ. ಅದೇ ಬೋರ್ಲ್ಯಾಂಡಿನ ಟರ್ಬೊ ಪ್ಯಾಸ್ಕಲ್ ಕಂಪೈಲರ್ ಬರೆದವರು ಆಂಡರ್ಸ್ ಹೈಲ್ಸ್‌ಬರ್ಗ್. ಆಮೇಲೆ ಮೈಕ್ರೋಸಾಫ್ಟಿಗೆ ಹೋಗಿ ಸಿ ಶಾರ್ಪ್ ಮಾಡಿದರು, ಟೈಪ್‌ಸ್ಕ್ರಿಪ್ಟ್ ಮಾಡಿದರು. 2015ರಲ್ಲಿ ಬಂದ ವಿಎಸ್ ಕೋಡ್ ಬಹುಪಾಲು ಬರೆದದ್ದು ಟೈಪ್‌ಸ್ಕ್ರಿಪ್ಟಲ್ಲಿ. ನೀಲಿ ಪರದೆಗೂ ಈಗಿನ ಕಪ್ಪು ಪರದೆಗೂ ಸಂಬಂಧ ಹತ್ತಿರದ್ದೇ.

ಈಗ ಆಯ್ಕೆ. ಕೆಲವು ಕಡೆ ಆಯ್ಕೆಯೇ ಇಲ್ಲ. 1996ರಲ್ಲಿ ರೋಹಿತ್ ಭಟ್ ನಮ್ಮ ಉಡುಪಿಯಲ್ಲಿ ರೋಬೋಸಾಫ್ಟ್ ಶುರು ಮಾಡಿದಾಗ ಅವರು ಹಿಡಿದದ್ದು ಆಪಲ್ ಮ್ಯಾಕ್‌ನ ಕೆಲಸ. ಇವತ್ತೂ ಐಫೋನ್ ಆ್ಯಪ್ ಮಾಡುವವರಿಗೆ ಎಕ್ಸ್‌ಕೋಡ್ ಬೇಕು, ಅದು ಓಡುವುದು ಮ್ಯಾಕಲ್ಲಿ ಮಾತ್ರ. ಕೆಲಸ ಯಾವುದು ಅಂತ ಮೊದಲು ತೀರ್ಮಾನ ಆದರೆ ಐಡಿಇ ಅದರ ಹಿಂದೆಯೇ ಬರ್ತದೆ.

ಉಳಿದವರಿಗೆ ನಿರ್ಧಾರ ಮಾಡುವುದು ಲ್ಯಾಪ್‌ಟಾಪಿನ ರ‍್ಯಾಮ್. ವಿಎಸ್ ಕೋಡ್ 1 ಜಿಬಿ ಇದ್ದರೆ ಸಾಕು ಅಂತ ಹೇಳ್ತದೆ. ಎಕ್ಸ್‌ಟೆನ್ಷನ್ ಹಾಕ್ತಾ ಹೋದರೆ ಅದೂ ಉಬ್ಬುತ್ತದೆ ಅನ್ನುವುದು ಬೇರೆ. ಇಂಟೆಲಿಜೆ ಐಡಿಯಾಗೆ ಒಟ್ಟು 8 ಜಿಬಿ ಇದ್ದರೆ ಒಳ್ಳೆಯದು. ಆಂಡ್ರಾಯ್ಡ್ ಸ್ಟುಡಿಯೋಗೆ 8 ಕನಿಷ್ಠ, ಎಮ್ಯುಲೇಟರ್ ಸಮೇತ ಬೇಕಾದರೆ 16. ಅಣ್ಣನ ಹಳೆಯ 4 ಜಿಬಿ ಲ್ಯಾಪ್‌ಟಾಪಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಹಾಕಿ, "ನನಗೆ ಕೋಡಿಂಗ್ ಆಗುವುದಿಲ್ಲ" ಅಂತ ಕೈಬಿಟ್ಟವರು ಉಂಟು. ಆಗದೆ ಇದ್ದದ್ದು ಅವರಿಗಲ್ಲ ಮಾರಾಯ್ರೆ, ಲ್ಯಾಪ್‌ಟಾಪಿಗೆ.

ದೊಡ್ಡ ಜಾವಾ ಪ್ರಾಜೆಕ್ಟಿಗೆ ನನ್ನ ವೋಟು ಇಂಟೆಲಿಜೆಗೆ. ಒಂದು ಹೆಸರು ಬದಲಿಸಿದರೆ ನಲವತ್ತು ಫೈಲಲ್ಲಿ ಸರಿಯಾಗಿ ಬದಲಿಸ್ತದೆ. ಜೆಟ್‌ಬ್ರೈನ್ಸ್‌ನವರು ವಿದ್ಯಾರ್ಥಿಗಳಿಗೆ ಲೈಸೆನ್ಸ್ ಉಚಿತ ಕೊಡ್ತಾರೆ, ಕ್ರ್ಯಾಕ್ ಹುಡುಕಿ ವೈರಸ್ ತರಿಸಿಕೊಳ್ಳಬೇಡಿ. ಎಕ್ಲಿಪ್ಸ್ ಸತ್ತಿಲ್ಲ, ಮುದಿಯಾಗಿದೆ. ನೆಟ್‌ಬೀನ್ಸ್ 1996ರಲ್ಲಿ ಪ್ರಾಗ್‌ನ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ್ದು, ಈಗ ಅಪಾಚೆಯವರ ಕೈಯಲ್ಲಿ ಉಂಟು, ಕಲಿಯಲಿಕ್ಕೆ ತೊಂದರೆ ಇಲ್ಲ. ಉಳಿದ ಎಲ್ಲದಕ್ಕೂ ವಿಎಸ್ ಕೋಡ್. ಇಷ್ಟೇ.

ಹಾಂ, ಒಂದು ನಮ್ಮೂರಿನ ವಿಷಯ. ಜೂನ್, ಜುಲೈ. ಕಾಪುವಿನಲ್ಲಿ ಗಾಳಿ ಎದ್ದರೆ ಕಾರ್ಕಳದಲ್ಲಿ ಮರ ಬಿದ್ದರೆ ಕರೆಂಟ್ ಯಾವಾಗ ಬರ್ತದೆ ಅಂತ ಲೈನ್‌ಮ್ಯಾನಿಗೂ ಗೊತ್ತಿಲ್ಲ. ಬ್ರೌಸರಲ್ಲೇ ಓಡುವ ಕೋಲ್ಯಾಬ್, ಕೋಡ್‌ಸ್ಪೇಸಸ್ ಎಲ್ಲ ಚಂದ, ನೆಟ್ ಇರುವಷ್ಟು ಹೊತ್ತು. ಲ್ಯಾಪ್‌ಟಾಪಿನ ಒಳಗೇ ಇರುವ ವಿಎಸ್ ಕೋಡ್, ನೀವು ಸೇವ್ ಮಾಡದೆ ಬಿಟ್ಟ ಫೈಲನ್ನೂ ಮುಂದಿನ ಸಲ ತೆರೆದಾಗ ಹಾಗೇ ತಂದು ಕೊಡ್ತದೆ. ಇಂಟೆಲಿಜೆ ತಾನೇ ಸೇವ್ ಮಾಡ್ತಾ, ಹಳೆಯ ರೂಪಗಳನ್ನೂ ಲೋಕಲ್ ಹಿಸ್ಟರಿಯಲ್ಲಿ ಇಟ್ಟುಕೊಳ್ತದೆ. ಕೋಡ್‌ಗೆ ಈ ರಕ್ಷಣೆ ಉಂಟು.

ಡೇಟಾಗೆ ಉಂಟಾ? ಇದು ನನ್ನ ವಿಷಯ.

ಅಕೌಂಟ್ಸ್ ಓದಿದವರು ಕೇಳಿ. ಒಬ್ಬರ ಖಾತೆಗೆ ಡೆಬಿಟ್, ಇನ್ನೊಬ್ಬರ ಖಾತೆಗೆ ಕ್ರೆಡಿಟ್. ಡೇಟಾಬೇಸಲ್ಲಿ ಇದು ಎರಡು ಅಪ್‌ಡೇಟ್. ಮೈಎಸ್‌ಕ್ಯುಎಲ್ ಸುಮ್ಮನೆ ಹಾಕಿಕೊಂಡರೆ ಆಟೋ ಕಮಿಟ್ ಆನ್ ಇರ್ತದೆ: ಒಂದೊಂದು ಸಾಲು ಓಡಿಸಿದ ಕೂಡಲೇ ಶಾಶ್ವತ. ಮೊದಲ ಅಪ್‌ಡೇಟ್ ಆಯ್ತು, ಎರಡನೆಯದರ ಮೊದಲು ಕರೆಂಟ್ ಹೋಯ್ತು. ಡೆಬಿಟ್ ಉಂಟು, ಕ್ರೆಡಿಟ್ ಇಲ್ಲ. ಟ್ರಯಲ್ ಬ್ಯಾಲೆನ್ಸ್ ಹೊಂದುವುದಿಲ್ಲ, ಮೂರು ದಿನ ನಿದ್ದೆ ಇಲ್ಲ. ಇವೆರಡನ್ನೂ ಒಂದು ಟ್ರಾನ್ಸಾಕ್ಷನ್ ಒಳಗೆ ಹಾಕಿ ಕೊನೆಗೆ ನೀವೇ ಕಮಿಟ್ ಒತ್ತುವ ಪದ್ಧತಿ ಇದ್ದರೆ, ನಡುವೆ ಕರೆಂಟ್ ಹೋದಾಗ ಡೇಟಾಬೇಸ್ ಅರ್ಧ ಕೆಲಸವನ್ನು ತಾನೇ ಹಿಂದಕ್ಕೆ ತೆಗೆದುಕೊಳ್ತದೆ. ಏನೂ ಆಗದ ಹಾಗೆ.

ಹಾಗಾಗಿ ಡೇಟಾಬೇಸ್ ಟೂಲನ್ನು ನಾನು ನೋಡುವುದು ಎಷ್ಟು ಬೇಗ ಓಡ್ತದೆ ಅಂತ ಅಲ್ಲ, ನನ್ನನ್ನು ಎಲ್ಲಿ ತಡೆಯುತ್ತದೆ ಅಂತ. ಡಿಲೀಟ್ ಬರೆದು ವೇರ್ ಮರೆತರೆ ಇಡೀ ಟೇಬಲ್ ಖಾಲಿ. ಮೈಎಸ್‌ಕ್ಯುಎಲ್ ವರ್ಕ್‌ಬೆಂಚ್ ಅಲ್ಲಿ ಎರರ್ 1175 ಕೊಟ್ಟು ನಿಲ್ಲಿಸ್ತದೆ. ಎಲ್ಲರೂ ಗೂಗಲ್ ಮಾಡಿ ಮೊದಲು ಆಫ್ ಮಾಡುವುದು ಇದನ್ನೇ! ದಯವಿಟ್ಟು ಆಫ್ ಮಾಡಬೇಡಿ, ಅದು ಕಿರಿಕಿರಿ ಅಲ್ಲ, ಸೀಟ್‌ಬೆಲ್ಟು. ಡಿಬೀವರ್ ಕೂಡ ವೇರ್ ಇಲ್ಲದ ಡಿಲೀಟ್ ಕಂಡರೆ "ನಿಜವಾಗಿಯೂ?" ಅಂತ ಕೇಳ್ತದೆ. ಜೆಟ್‌ಬ್ರೈನ್ಸ್‌ನ ಡೇಟಾಗ್ರಿಪ್ ಸಹ.

ಡಿಬೀವರ್ ನನಗೆ ಹೆಚ್ಚು ಇಷ್ಟ. ಉಚಿತ ಆವೃತ್ತಿ ಉಂಟು, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಒರಾಕಲ್, ಎಸ್‌ಕ್ಯುಎಲ್ ಸರ್ವರ್ ಎಲ್ಲದಕ್ಕೂ ಒಂದೇ ಕಿಟಕಿ. ಕನೆಕ್ಷನ್ ಮಾಡುವಾಗ ಇದು ಡೆವಲಪ್‌ಮೆಂಟಾ, ಟೆಸ್ಟಾ, ಪ್ರೊಡಕ್ಷನ್ನಾ ಅಂತ ಗುರುತು ಹಾಕಬಹುದು. ಪ್ರೊಡಕ್ಷನ್ ಅಂದರೆ ನಿಜವಾದ ಜನರ ನಿಜವಾದ ಡೇಟಾ. ಹಾಗೆ ಗುರುತು ಹಾಕಿದರೆ ಕೆಂಪು ಬಣ್ಣ, ಕಮಿಟ್ ನಿಮ್ಮ ಕೈಯಲ್ಲಿ. ಆರಂಭವಾಗುವಾಗ ನಿಧಾನ, ಎಕ್ಲಿಪ್ಸ್ ಮೇಲೆಯೇ ಕಟ್ಟಿದ್ದು ಅಲ್ವಾ, ಆ ಭಾರ ಹೊರಬೇಕು. ಡೇಟಾಗ್ರಿಪ್ ಕ್ವೆರಿ ಬರೆಯುವಾಗ ಹೆಚ್ಚು ಚುರುಕು, ಕಾಲಂ ಹೆಸರು ಅದೇ ಹೇಳಿಕೊಡ್ತದೆ. ಆದರೆ ಅದರಲ್ಲಿ ಕಮಿಟ್ ಆಟೋದಿಂದ ಮ್ಯಾನುವಲ್‌ಗೆ ಬದಲಿಸುವುದು ನಿಮ್ಮ ಕೆಲಸ. ಎಸ್‌ಎಸ್‌ಎಂಎಸ್ ವಿಂಡೋಸಿಗೆ ಮಾತ್ರ, ಎಸ್‌ಕ್ಯುಎಲ್ ಸರ್ವರ್ ಇರುವ ಆಫೀಸಿಗೆ ಹೋದರೆ ಅದೇ ಗತಿ, ಕೆಟ್ಟದ್ದೇನೂ ಅಲ್ಲ.

ವಿಎಸ್ ಕೋಡ್ ಒಳಗೇ ಎಕ್ಸ್‌ಟೆನ್ಷನ್ ಹಾಕಿ ಡೇಟಾಬೇಸ್ ನೋಡಬಹುದಲ್ವಾ ಅಂತ ಕೇಳ್ತೀರಿ. ನೋಡಲಿಕ್ಕೆ ಒಳ್ಳೆಯದು. ಬದಲಿಸುವಾಗ ಬೇರೆ ಕಿಟಕಿಗೆ ಹೋಗಿ. ಎರಡು ಕಿಟಕಿ ಇದ್ದರೆ ಕೈ ಒಂದು ಕ್ಷಣ ನಿಲ್ತದೆ.

ಬಿಕಾಂ, ಸಿಎ ಕಡೆಯವರಿಗೆ ಇನ್ನೊಂದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಲ್ಲಿ ಆಡಿಟ್ ಟ್ರೇಲ್ ಕಡ್ಡಾಯ. ಯಾರು, ಯಾವಾಗ, ಏನು ತಿದ್ದಿದರು ಅಂತ ದಾಖಲೆ ಇರಬೇಕು. ಸಾಫ್ಟ್‌ವೇರಿನ ಮುಂಬಾಗಿಲಲ್ಲಿ ಇದು ನಡೀತದೆ. ಹಿಂಬಾಗಿಲಿನಿಂದ ಡಿಬೀವರ್ ತೆರೆದು, ಎಕ್ಸೆಲ್ ಹಾಗೆ ಒಂದು ಕೋಶದ ಮೇಲೆ ಡಬಲ್ ಕ್ಲಿಕ್ ಮಾಡಿ ಮೊತ್ತ ಬದಲಿಸಿದರೆ? ಡೇಟಾಬೇಸ್ ಮಟ್ಟದಲ್ಲಿ ಲಾಗ್ ಇಲ್ಲದಿದ್ದರೆ ಗುರುತೇ ಉಳಿಯುವುದಿಲ್ಲ. ಅದಕ್ಕೇ ಆಡಿಟರ್‌ಗಳು ಈಗ ಅದನ್ನೂ ಕೇಳ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಸೀನಿಯರ್ ಹತ್ತಿರ ಮೊದಲು ಕೇಳಬೇಕಾದ್ದು ಓದಲಿಕ್ಕೆ ಮಾತ್ರ ಬರುವ ಯೂಸರ್. ನಾಚಿಕೆ ಬೇಡ.

ಇನ್ನು ಕನ್ನಡ. ಹೆಚ್ಚಿನ ಐಡಿಇ ಹೋಲಿಕೆಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. "ಕಾಪು" ಅಂತ ಬರೆದರೆ ನಮ್ಮ ಕಣ್ಣಿಗೆ ಎರಡಕ್ಷರ. ಪೈಥಾನಿಗೆ ನಾಲ್ಕು, ಯಾಕೆಂದರೆ ದೀರ್ಘ, ಕೊಂಬು ಎಲ್ಲ ಬೇರೆ ಬೇರೆ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 12. "ಕಾರ್ಕಳ" ಆರು, 18 ಬೈಟ್. ಒರಾಕಲಲ್ಲಿ ವಾರ್‌ಕ್ಯಾರ್2 ಹತ್ತು ಅಂತ ಕಾಲಂ ಮಾಡಿದರೆ, ಸೆಟ್ಟಿಂಗ್ ಬದಲಿಸದ ಹೊರತು ಆ ಹತ್ತು ಅಂದರೆ ಹತ್ತು ಬೈಟ್. ಎರಡಕ್ಷರದ ಕಾಪು ಅದರಲ್ಲಿ ಹಿಡಿಸುವುದಿಲ್ಲ! ಎಸ್‌ಕ್ಯುಎಲ್ ಸರ್ವರಲ್ಲಿ ಸಾಮಾನ್ಯ ಇಂಗ್ಲಿಷ್ ಸೆಟ್ಟಿಂಗ್ ಇದ್ದರೆ, ಉದ್ಧರಣ ಚಿಹ್ನೆಯ ಹಿಂದೆ ಎನ್ ಹಾಕದೆ "ಉಡುಪಿ" ಸೇರಿಸಿದಾಗ ಐದು ಪ್ರಶ್ನಾರ್ಥಕ ಚಿಹ್ನೆ ಕೂತಿರ್ತದೆ. ಟೂಲ್ ಬದಲಿಸಿದರೆ ಅದು ವಾಪಸ್ ಬರುವುದಿಲ್ಲ, ಹೋದ ಅಕ್ಷರ ಹೋಯ್ತು. ಟರ್ಮಿನಲಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಮಾತ್ರ ಹೆದರಬೇಡಿ, ಅದು ತೋರಿಸುವ ಸಮಸ್ಯೆ, ಡೇಟಾ ಒಳಗೆ ಸರಿಯಾಗಿಯೇ ಇರಬಹುದು. ಡಿಬೀವರ್‌ನ ಗ್ರಿಡ್‌ನಲ್ಲಿ ತೆರೆದು ನೋಡಿ.

ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8 ಒಂದು ಅಕ್ಷರಕ್ಕೆ 3 ಬೈಟ್ ತನಕ ಮಾತ್ರ. ಕನ್ನಡಕ್ಕೆ ಸಾಕು. ಆದರೆ 2024ರಲ್ಲಿ ಯುನಿಕೋಡ್ 16ಕ್ಕೆ ತುಳು-ತಿಗಳಾರಿ ಲಿಪಿ ಸೇರಿತಲ್ಲ, ಅದರ ಅಕ್ಷರಗಳಿಗೆ 4 ಬೈಟ್ ಬೇಕು. ಯುಟಿಎಫ್8ಎಂಬಿ4 ಅಂತ ಆರಿಸಿಕೊಳ್ಳಿ. ಮೈಎಸ್‌ಕ್ಯುಎಲ್ 8ರಿಂದ ಅದೇ ಡಿಫಾಲ್ಟ್, ಕಾಲೇಜು ಲ್ಯಾಬಿನ 5ರಲ್ಲಿ ಅಲ್ಲ.

ಎಸ್‌ಕ್ಯುಎಲ್ ಈಗಷ್ಟೇ ಶುರು ಮಾಡುವವರು ಇದೆಲ್ಲ ಕೇಳಿ ಗಾಬರಿ ಆಗಬೇಡಿ. ಡಿಬಿ ಬ್ರೌಸರ್ ಫಾರ್ ಎಸ್‌ಕ್ಯುಎಲ್‌ಲೈಟ್ ಅಂತ ಉಂಟು, ಉಚಿತ, ಹಗುರ, 4 ಜಿಬಿಯಲ್ಲಿ ಆರಾಮ ಓಡ್ತದೆ, ಸರ್ವರ್ ಬೇಡ, ನೆಟ್ ಬೇಡ. ಎಸ್‌ಕ್ಯುಎಲ್‌ಲೈಟ್ ನಿಮ್ಮ ಕೈಯಲ್ಲಿರುವ ಫೋನಿನ ಒಳಗೂ ಉಂಟು. ಅದರಲ್ಲಿ ಬದಲಿಸಿದ್ದು "ರೈಟ್ ಚೇಂಜಸ್" ಬಟನ್ ಒತ್ತುವ ತನಕ ಫೈಲಿಗೆ ಹೋಗುವುದಿಲ್ಲ, ಪಕ್ಕದಲ್ಲೇ "ರಿವರ್ಟ್" ಉಂಟು. ಕಮಿಟ್, ರೋಲ್‌ಬ್ಯಾಕ್ ಅಂದರೆ ಎಂತ ಅಂತ ಎರಡು ಬಟನಲ್ಲಿ ಗೊತ್ತಾಗ್ತದೆ. ಊರುಗಳು ಅಂತ ಒಂದು ಟೇಬಲ್ ಮಾಡಿ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ನಾಲ್ಕೂ ಕನ್ನಡದಲ್ಲೇ ಸೇರಿಸಿ ಒಮ್ಮೆ ರೈಟ್ ಮಾಡಿ. ಆಮೇಲೆ ವೇರ್ ಇಲ್ಲದೆ ಡಿಲೀಟ್ ಓಡಿಸಿ, ಟೇಬಲ್ ಖಾಲಿ ಆದದ್ದನ್ನು ಕಣ್ಣಾರೆ ನೋಡಿ, ರಿವರ್ಟ್ ಒತ್ತಿ. ನಾಲ್ಕು ಊರೂ ವಾಪಸ್ ಬಂದವಾ ಅಂತ ಮೆಸೇಜ್ ಮಾಡಿ. ಸಿಗುವ.