ಘಾಟಿ ಜಾತ್ರೆಯಿಂದ ಕೆಮ್ಮು



‘ಶ್ರದ್ಧೆ, ನುಡಿ ಮತ್ತು ವೈದ್ಯವೃತ್ತಿ’ ಎಂದು ಈ ದತ್ತಿ ಉಪನ್ಯಾಸದ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿದೆ. ಅಷ್ಟು ಭಾರದ ವಿಷಯವನ್ನು ಹೊರುವ ಶಕ್ತಿ ನನಗಿಲ್ಲ. ನನಗೆ ಗೊತ್ತಿರುವ ಒಂದು ಕೆಮ್ಮಿನಿಂದ ಶುರುಮಾಡುತ್ತೇನೆ.

ಶಿವರಾತ್ರಿ ಕಳೆದ ವಾರ. ತೂಬಗೆರೆ ಕಡೆಯ ಒಬ್ಬ ರೈತ, ಹೆಗಲ ಮೇಲೆ ಟವೆಲು, ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿತ್ತು. ನನ್ನ ಜೊತೆ ಹೊರಗಿನಿಂದ ಬಂದ ಹೌಸ್ ಸರ್ಜನ್ ಹುಡುಗ. ಕಲಿತ ನಾಲ್ಕು ಕನ್ನಡ ವಾಕ್ಯಗಳಲ್ಲಿ ಒಂದನ್ನು ಪ್ರಯೋಗಿಸಿದ: “ಎಷ್ಟು ದಿನದಿಂದ?” ರೈತ ಹೇಳಿದ: “ಘಾಟಿ ದನದ ಜಾತ್ರೆಯಿಂದ್ಲೂವೆ ಸಾ.” ಹುಡುಗ ಚೀಟಿಯಲ್ಲಿ ‘ಅವಧಿ ಅಸ್ಪಷ್ಟ’ ಎಂದು ಬರೆದುಬಿಟ್ಟ.

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಅದಕ್ಕಿಂತ ಸ್ಪಷ್ಟವಾದ ಅವಧಿ ಇನ್ನೊಂದಿಲ್ಲ. ಘಾಟಿ ಸುಬ್ರಹ್ಮಣ್ಯನ ರಥ ಎಳೆಯುವುದು ಪುಷ್ಯ ಶುದ್ಧ ಷಷ್ಠಿಗೆ. ದನ ಕಟ್ಟುವುದು ಅದರ ಆಸುಪಾಸಿನಲ್ಲೇ. ಶಿವರಾತ್ರಿ ಮಾಘದ ಕೊನೆಗೆ. ಅಂದರೆ ಹೆಚ್ಚುಕಡಿಮೆ ಎರಡು ತಿಂಗಳ ಕೆಮ್ಮು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಎಂಬುದು ಕ್ಷಯದ ಕಾರ್ಯಕ್ರಮದ ಮೊದಲ ಪಾಠ. ಹುಡುಗ ಪಾಠ ಕಲಿತಿದ್ದ, ಪಂಚಾಂಗ ಕಲಿತಿರಲಿಲ್ಲ. ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿತು.

ಆ ಹುಡುಗನನ್ನು ಹಳಿಯಲು ನನಗೆ ಬಾಯಿಲ್ಲ. ನಾನು ಮಗ್ಗದ ಮನೆಯಲ್ಲಿ ಹುಟ್ಟಿದವನು. ಒಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಹಿನ್ನೆಲೆಗೆ ಲಾಳಿಯ ಸದ್ದು. ಆದರೂ ಬೆಂಗಳೂರಿನಲ್ಲಿ ಡಾಕ್ಟರಿಕೆ ಓದಿ ವಾಪಸು ಬಂದ ಮೊದಲ ವರ್ಷ, ನಮ್ಮ ಬೀದಿಯ ಹೆಂಗಸೊಬ್ಬರು “ಎದೇಲಿ ಗ್ಯಾಸ್ಟ್ರಿಕ್ ತುಂಬ್ಕಂಡೈತಪ್ಪ” ಅಂದಾಗ ಗ್ಯಾಸ್ಟ್ರಿಕ್ಕಿಗೇ ಮಾತ್ರೆ ಕೊಟ್ಟು ಕಳಿಸಿದೆ. ಇಂಗ್ಲಿಷ್ ಪದ ಕೇಳಿದ್ದೇ ತಡ, ಅರ್ಥವಾಯಿತು ಅಂದುಕೊಂಡೆ. ನಮ್ಮೂರಲ್ಲಿ ಗ್ಯಾಸ್ಟ್ರಿಕ್ ಎಂದರೆ ಎದೆಯಿಂದ ಹೊಕ್ಕುಳವರೆಗಿನ ಯಾವ ಸಂಕಟವೂ ಆಗಬಹುದು. ಅವರಿಗೆ ಆಗಿದ್ದು ಹೃದಯಾಘಾತ. ಸಂಜೆ ಮತ್ತೆ ಕರೆತಂದರು, ಇಸಿಜಿ ತೆಗೆದೆ, ಬೆಂಗಳೂರಿಗೆ ಓಡಿಸಿದೆವು. ಉಳಿದರು. ಅದು ಅವರ ಪುಣ್ಯ, ನನ್ನ ಜಾಣತನವಲ್ಲ.

ಇಂಥದ್ದು ನಮ್ಮಲ್ಲಿ ಮಾತ್ರವಲ್ಲ. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹದಿನೆಂಟರ ಒಬ್ಬ ಯುವಕನನ್ನು ಪ್ರಜ್ಞೆಯಿಲ್ಲದೆ ಆಸ್ಪತ್ರೆಗೆ ತಂದರು. ಕ್ಯೂಬಾ ಮೂಲದ ಮನೆಯವರು ಸ್ಪ್ಯಾನಿಷಿನಲ್ಲಿ ‘ಇಂಟಾಕ್ಸಿಕಾಡೊ’ ಎಂದರು. ತಿಂದದ್ದು ಕುಡಿದದ್ದು ಒಗ್ಗದೆ ಮೈ ಕೆಟ್ಟಿದೆ ಎಂದು ಅವರ ಅರ್ಥ. ವೈದ್ಯರ ಕಿವಿಗೆ ಬಿದ್ದದ್ದು ಇಂಗ್ಲಿಷಿನ ಇಂಟಾಕ್ಸಿಕೇಟೆಡ್. ಮಾದಕವಸ್ತು ಜಾಸ್ತಿಯಾಗಿದೆ ಎಂದು ಚಿಕಿತ್ಸೆ ನಡೆಯಿತು. ಒಳಗೆ ಮೆದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಕೈಕಾಲು ನಾಲ್ಕೂ ಹೋದವು. ಅಲ್ಲಿ ವಲಸೆ ಬಂದವರ ಮಕ್ಕಳು ಇಗರ್ಜಿಯ ಪ್ರಾರ್ಥನೆಯಲ್ಲಿ ಸಂಕಲ್ಪ ಮಾಡಿ, ನಮ್ಮ ಅಜ್ಜಿಯ ಮಾತಿನಲ್ಲೇ ಅಜ್ಜಿಗೆ ಮದ್ದು ಕೊಡುತ್ತೇವೆ ಎಂದು ಡಾಕ್ಟರಿಕೆಗೆ ಹೊರಡುತ್ತಾರೆ ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಶ್ರದ್ಧೆಯ ಮಾತಿಗೆ ಬಂದೆ. ನಮ್ಮಲ್ಲಿ ಅದಕ್ಕೆ ದೊಡ್ಡ ಉದಾಹರಣೆ ಡಾ. ಎಚ್. ಸುದರ್ಶನ್. ಹುಟ್ಟಿದ್ದು 1950ರಲ್ಲಿ, ಬೆಂಗಳೂರಿನ ಮಗ್ಗುಲ ಯಮಲೂರಿನಲ್ಲಿ. ಈಗ ಅಲ್ಲಿ ಗಾಜಿನ ಕಟ್ಟಡಗಳು. ಆಗ ಅದು ನಮ್ಮ ಹಳ್ಳಿಗಳಂಥದೇ ಹಳ್ಳಿ. ಹನ್ನೆರಡರ ವಯಸ್ಸಿನಲ್ಲಿ, ಹಳ್ಳಿಯಲ್ಲಿ ವೈದ್ಯ ಸಿಗದೆ ತಂದೆ ತೀರಿಕೊಂಡದ್ದನ್ನು ಕಂಡವರು. 1973ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಪದವಿ. ವಿವೇಕಾನಂದರ ಸೆಳೆತದಿಂದ ರಾಮಕೃಷ್ಣ ಮಿಷನ್ನಿನ ಆಸ್ಪತ್ರೆಗಳಲ್ಲಿ ಕೆಲಸ. ಕೊನೆಗೆ ಬಿಳಿಗಿರಿರಂಗನ ಬೆಟ್ಟ, ಅಲ್ಲಿನ ಗಿರಿಜನರಾದ ಸೋಲಿಗರ ನಡುವೆ. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ.

ಜೀವದಲ್ಲಿ ಶಿವನನ್ನು ಕಾಣುವ ವಿವೇಕಾನಂದರ ಮಾತು ಅವರನ್ನು ಬೆಟ್ಟ ಹತ್ತಿಸಿತು, ಸರಿ. ಆದರೆ ಬೆಟ್ಟದ ಮೇಲೆ ಇರುವ ಶಿವ ಯಾರು? ಅಲ್ಲಿರುವುದು ರಂಗ. ಬಯಲಿನವರಾದ ನಮಗೆ ಬಿಳಿಗಿರಿರಂಗ ಸ್ವಾಮಿ, ಕೈಮುಗಿದು ದೂರ ನಿಲ್ಲಬೇಕು. ಸೋಲಿಗರಿಗೆ ಅವನು ಭಾವ. ಅವರ ಮನೆಮಗಳು ಕುಸುಮಾಲೆಯನ್ನು ಕಟ್ಟಿಕೊಂಡವನು. ಭಾವನ ಜೊತೆ ತಮಾಷೆ ಮಾಡಬಹುದು, ಜಗಳವಾಡಬಹುದು. ದೇವರನ್ನೇ ಹೀಗೆ ಕರೆಯುವವರ ಬಳಿ ಸ್ಟೆತೋಸ್ಕೋಪು ಹಾಕಿಕೊಂಡು ‘ನಾನು ಸೇವೆ ಮಾಡಲು ಬಂದಿದ್ದೇನೆ’ ಎಂದರೆ ಯಾರು ಒಪ್ಪುತ್ತಾರೆ? ಸೋಲಿಗರ ನುಡಿ ಕನ್ನಡಕ್ಕೆ ತೀರಾ ಹತ್ತಿರ. ಹತ್ತಿರದ್ದೇ ಅಪಾಯ, ನನಗೆ ಗ್ಯಾಸ್ಟ್ರಿಕ್ ಆದಂತೆ, ಕನ್ನಡದ ಡಾಕ್ಟರಿಗೂ ಅರ್ಥವಾಯಿತು ಎಂಬ ಭ್ರಮೆ ಬರುತ್ತದೆ.

ಆ ಕೇಂದ್ರದ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸುವುದು ಆಸ್ಪತ್ರೆಯಲ್ಲ. ಗಿರಿಜನರ ಹೆಣ್ಣುಮಕ್ಕಳಿಗೇ ಎಎನ್‌ಎಂ, ಅಂದರೆ ದಾದಿ-ಸೂಲಗಿತ್ತಿಯ, ತರಬೇತಿ ಕೊಟ್ಟದ್ದು. ಹೆರಿಗೆ ನೋವು ತಿನ್ನುವವಳ ಮಾತು ಹೊರಗಿನವನಿಗೆ ತಿಳಿಯುವುದಕ್ಕಿಂತ ಮುಂಚೆ ಪೋಡಿನ, ಅಂದರೆ ಸೋಲಿಗರ ಹಾಡಿಯ, ಹುಡುಗಿಗೆ ತಿಳಿಯುತ್ತದೆ. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು.

ಬೆಟ್ಟದ ಕೆಳಗೆ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠ ಹೆಚ್ಚಾಗಿತ್ತು. 1986ರಲ್ಲಿ ಅವರ ಕರುಣಾ ಟ್ರಸ್ಟ್ ಹುಟ್ಟಿದ್ದು ಅದಕ್ಕಾಗಿ. ಅಷ್ಟರಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲೇ ಶಿಫಾರಸು ಮಾಡಿತ್ತು. ಮದ್ದಿತ್ತು, ಆದರೆ ಮಾತು ಗೊಂದಲದ್ದು. ತೊನ್ನನ್ನೂ ಕುಷ್ಠವನ್ನೂ ನಮ್ಮ ಜನ ಒಂದೇ ಹೆಸರಿಗೆ ಕಟ್ಟುತ್ತಾರೆ. ತೊನ್ನು ಬರೀ ಬಣ್ಣ ಹೋದ ಚರ್ಮ. ಅಂಟುವುದೂ ಇಲ್ಲ, ಸ್ಪರ್ಶ ಹೋಗುವುದೂ ಇಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕುಂದುತ್ತದೆ. ನಾನು ಹತ್ತಿಯ ಎಳೆಯನ್ನು ಹೊಸೆದು ಮಚ್ಚೆಗೆ ಮುಟ್ಟಿಸಿ, ಕಣ್ಣು ಮುಚ್ಚಿಸಿ, “ಎಲ್ಲಿ ಮುಟ್ಟಿದೆ ತೋರಿಸಮ್ಮ” ಅನ್ನುತ್ತೇನೆ. ಬೆರಳು ಸರಿಯಾದ ಜಾಗಕ್ಕೆ ಬಂದರೆ ಇಬ್ಬರಿಗೂ ಉಸಿರು ಬರುತ್ತದೆ.

ರೋಗಿಯ ನುಡಿ ಕಲಿಯಬೇಕೆಂಬ ಬುದ್ಧಿ ನಮಗಿಂತ ಮೊದಲು ಪರದೇಶದ ಮಿಷನರಿಗಳಿಗೆ ಬಂದಿತ್ತು. 1906ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುವಾದ ಕಾಲದಲ್ಲಿ ಮಿಷನ್‌ಗಳಿಗೆ ಹೊಸದಾಗಿ ಬಂದವರು ದೇಶಭಾಷೆಯ ಪರೀಕ್ಷೆ ಕಟ್ಟಬೇಕಿತ್ತು. ಅವರ ಉದ್ದೇಶದಲ್ಲಿ ಮತಪ್ರಚಾರವೂ ಇತ್ತು, ಮುಚ್ಚಿಡುವುದೇನಿಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳ ಮೊದಲ ತಿಂಗಳಿಗೆ ಸ್ಥಳೀಯ ಭಾಷೆಯ ತರಗತಿ ಸೇರಿದ್ದು 2019ರ ಹೊಸ ಪಠ್ಯಕ್ರಮದಲ್ಲಿ. ಇತ್ತ ಸೀಟು ಹಂಚುವಾಗ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಆ ಸೀಟಿನಲ್ಲಿ ಓದಿದವರು ಎಷ್ಟು ಜನ ಹೊಸಕೋಟೆ, ನೆಲಮಂಗಲದ ಹಳ್ಳಿಗೆ ತಿರುಗಿ ಬಂದರು ಎಂದು ನೀವು ಕೇಳಬಹುದು. ನಾನು ಕೇಳುವುದಿಲ್ಲ, ನನ್ನ ಮಗಳೇ ಬಂದಿಲ್ಲ.

ಕನ್ನಡದಲ್ಲಿ ವೈದ್ಯಸಾಹಿತ್ಯ ಬರೆದವರನ್ನು ನೆನೆಯದಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನವರು ಬಿಡುವುದಿಲ್ಲ. ‘ಕೊರವಂಜಿ’ಯ ಡಾ. ಎಂ. ಶಿವರಾಂ, ಅಂದರೆ ರಾಶಿಯವರು, ಮನಸ್ಸಿನ ಕಾಯಿಲೆಗಳನ್ನು ಕುರಿತು ‘ಮನಮಂಥನ’ ಬರೆದರು. ಡಾ. ಅನುಪಮಾ ನಿರಂಜನ ‘ತಾಯಿ ಮಗು’ ಬರೆದರು. ನಮ್ಮ ಮನೆಯ ಪ್ರತಿಯನ್ನು ಬೀದಿಯ ಬಾಣಂತಿಯರು ಸರದಿಯಲ್ಲಿ ಒಯ್ದು ಓದಿ, ಹಾಳೆಗಳಿಗೆ ಎಣ್ಣೆಯ ಕಲೆ ಮಾಡಿ ವಾಪಸು ಕೊಡುತ್ತಿದ್ದರು. ಪುಸ್ತಕ ವಿಮರ್ಶೆ ಅಂದರೆ ಅದು.

ತೂಬಗೆರೆಯ ರೈತನ ಕಥೆ ಬಾಕಿಯಿದೆ. ಆರು ತಿಂಗಳು ಮಾತ್ರೆ ಎಂದರೆ ಆತ ತಲೆಯಾಡಿಸಿದ, ಆದರೆ ಕಣ್ಣು ಒಪ್ಪಲಿಲ್ಲ. ಎರಡು ತಿಂಗಳಿಗೆ ಕೆಮ್ಮು ನಿಂತಕೂಡಲೇ ಮಾತ್ರೆಯೂ ನಿಲ್ಲುವುದು ನಮಗೆಲ್ಲ ಗೊತ್ತಿರುವ ಸಂಗತಿ. ನಾನು ಬೆರಳು ಮಡಿಸಿ ಎಣಿಸಿದೆ: ಫಾಲ್ಗುಣ, ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ, ಶ್ರಾವಣ. “ಗೌರಿ ಹಬ್ಬದವರೆಗೆ ಕಣಪ್ಪ.” “ಘಾಟಿಗೆ ಹರಕೆ ಹೊತ್ತಿವ್ನಿ, ಈಗ್ಲೇ ತೀರಿಸ್ಬೋದಾ ಸಾ?” “ತೀರಿಸು, ಅದಕ್ಕೇನು. ಹರಕೆ ತೀರಿದ ಮಾರನೇ ದಿನಾನೂ ಮಾತ್ರೆ ನುಂಗು.”

ಗೌರಿ ಹಬ್ಬದ ಹಿಂದಿನ ದಿನ ಬಂದ. ಟವೆಲಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದ. ಆರು ತಿಂಗಳ ಖಾಲಿ ಮಾತ್ರೆ ಪಟ್ಟಿಗಳು, ಒಂದನ್ನೂ ಎಸೆದಿರಲಿಲ್ಲ. “ಎಣಿಸ್ಕೊಳ್ಳಿ ಸಾ” ಅಂದ.