ಫೋನು ತಿದ್ದಿದ ಮಾತು



 ಯಾಣದ ಈ ಸಭೆಗೆ ಕರೆದ ಸಂಘದವರು ಹೊಸ ಉಪಕರಣಗಳ ಬಗ್ಗೆ, ಅಂತರ್ಜಾಲದಲ್ಲಿ ಈಗ ಬರುತ್ತಿರುವ ತಂತ್ರಜ್ಞಾನದ ಬಗ್ಗೆ ಮಾತಾಡಿ ಎಂದರು. ನನ್ನ ಹತ್ತಿರ ಇರುವುದು ಒಂದೇ ತಕರಾರು. ಮನೆಯಲ್ಲಿ, ಪೇಟೆಯಲ್ಲಿ, ಗೆಳೆಯರ ಜೊತೆಗೆ ಅದನ್ನೇ ವಾದಿಸುತ್ತ ಬಂದಿದ್ದೇನೆ. ಇವತ್ತೂ ಅದನ್ನೇ ಹೇಳುತ್ತೇನೆ.

ನನ್ನ ಗೆಳೆಯರೊಬ್ಬರು, ನಿವೃತ್ತ ಮಾಸ್ತರರು, ಸಿಕ್ಕಾಗಲೆಲ್ಲ ಹೇಳುತ್ತಾರೆ: “ಇನ್ನು ಕೀಲಿಮಣೆ ಎಂತಕ್ಕೆ ಮಾರಾಯ್ರೆ? ಮೈಕು ಒತ್ತಿ ಮಾತಾಡಿ, ಕನ್ನಡ ತಾನಾಗಿ ಬರ್ತದೆ.” ಅವರ ಮಾತಿನಲ್ಲಿ ಹುರುಳಿದೆ. 2017ರ ಸುಮಾರಿಗೆ ಕನ್ನಡದ ಧ್ವನಿ ಬರಹ ಸಾಮಾನ್ಯ ಫೋನುಗಳಿಗೆ ಬಂದಮೇಲೆ, ಕಣ್ಣು ಮಂದವಾದವರು, ಬೆರಳು ನಡುಗುವವರು, ಒಂದು ಸಾಲನ್ನೂ ಟೈಪು ಮಾಡದವರು ಉದ್ದುದ್ದ ಸಂದೇಶ ಕಳಿಸತೊಡಗಿದರು. ಅದು ಸಣ್ಣ ಉಪಕಾರವಲ್ಲ.

ಆದರೆ ನಾನು ಕಂಡದ್ದನ್ನು ಹೇಳಬೇಕು. ನನ್ನ ಚಿಕ್ಕಮ್ಮ ಜಗುಲಿಯಲ್ಲಿ ಕೂತು ಬೆಂಗಳೂರಿನ ಮಗನಿಗೆ ಸಂದೇಶ ಕಳಿಸುತ್ತಿದ್ದರು. ಮೈಕಿನ ಚಿತ್ರ ಒತ್ತಿ, “ತಮಾ, ಮಳೆ ಇನ್ನೂ ಬೈಂದಿಲ್ಲೆ” ಎಂದರು. ಪರದೆಯ ಮೇಲೆ ಬಂದದ್ದು “ತಮ್ಮ ಮಳೆ ಇನ್ನೂ ಬಂದಿಲ್ಲ”. ಚಿಕ್ಕಮ್ಮ ಕನ್ನಡಕ ಮೇಲೇರಿಸಿ ಅದನ್ನು ಬೆರಳಿಟ್ಟು ಓದಿದರು. “ಇದಕ್ಕೆ ನಮ್ಮ ಮಾತು ಬತ್ತಿಲ್ಲೆ” ಎಂದು ಹಾಗೆಯೇ ಕಳಿಸಿಬಿಟ್ಟರು. ಅಷ್ಟಕ್ಕೇ ಮುಗಿದಿದ್ದರೆ ನಾನು ಈ ವೇದಿಕೆ ಹತ್ತುತ್ತಿರಲಿಲ್ಲ. ಎರಡನೆಯ ಸಂದೇಶಕ್ಕೆ ಅವರು ಫೋನನ್ನು ಬಾಯಿಯ ಹತ್ತಿರ ಹಿಡಿದು, ಒಂದೊಂದೇ ಶಬ್ದ ಬಿಡಿಸಿ, ಶಾಲೆಯ ಪುಸ್ತಕ ಓದುವ ಹಾಗೆ ಮಾತಾಡಿದರು. ಹೆತ್ತ ಮಗನ ಹತ್ತಿರ! ಹುಟ್ಟಿದಾಗಿನಿಂದ ಅವನೊಡನೆ ಆಡದ ಕನ್ನಡವನ್ನು ಯಂತ್ರಕ್ಕಾಗಿ ಆಡಿದರು.

ಹೀಗೇಕೆ ಆಗುತ್ತದೆ? ಮಾತನ್ನು ಬರಹಕ್ಕಿಳಿಸುವ ಯಂತ್ರ ಕಿವಿಗೆ ಬಿದ್ದ ಸದ್ದನ್ನಷ್ಟೇ ನಂಬುವುದಿಲ್ಲ. ಆ ಸದ್ದಿಗೆ ಹೊಂದುವ ಶಬ್ದಗಳಲ್ಲಿ ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕ ಅದಕ್ಕೆ ಸಿಕ್ಕಿರುವುದು ತಾನು ಕಲಿತ ಬರಹ ಮತ್ತು ಧ್ವನಿಗಳಿಂದ. ಕನ್ನಡದಲ್ಲಿ ರಾಶಿ ಬಿದ್ದಿರುವ ಬರಹವೆಂದರೆ ಪತ್ರಿಕೆ, ವಿಕಿಪೀಡಿಯ, ಸರ್ಕಾರಿ ಪುಟಗಳು. ಅಲ್ಲಿ “ಬಂದಿಲ್ಲ” ಲಕ್ಷಗಟ್ಟಲೆ ಇದ್ದೀತು. “ಬೈಂದಿಲ್ಲೆ” ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಯಂತ್ರ “ಬೈಂದಿಲ್ಲೆ” ಕೇಳಿ “ಬಂದಿಲ್ಲ” ಬರೆಯುತ್ತದೆ. ಅದರ ಮಟ್ಟಿಗೆ ಅದು ಉಪಕಾರವನ್ನೇ ಮಾಡುತ್ತಿದೆ, ತಪ್ಪನ್ನು ತಿದ್ದುತ್ತಿದೆ. ಚಿಕ್ಕಮ್ಮನ ಹವ್ಯಕ ಮಾತಿಗೆ ಆದದ್ದೇ ಹಾಲಕ್ಕಿ ಕೊಪ್ಪಗಳ ಮಾತಿಗೂ ಆಗುತ್ತದೆ, ಅಂಬಿಗರ, ನಾಮಧಾರಿಗಳ ಮಾತಿಗೂ ಆಗುತ್ತದೆ.

ಇಲ್ಲಿ ನನ್ನ ಪ್ರಾಥಮಿಕ ಶಾಲೆಯ ಅಕ್ಕೋರನ್ನು ನೆನೆಯದೆ ಮುಂದೆ ಹೋಗಲಾರೆ. ವಾರಕ್ಕೊಮ್ಮೆ ಉಕ್ತಲೇಖನ. ಅವರು ಹೇಳಿದ್ದನ್ನು ನಾವು ಪಾಟಿಯ ಮೇಲೆ ಬರೆಯಬೇಕು. ನಮ್ಮಲ್ಲಿ ಹಲವರು ಮನೆಯ ಮಾತನ್ನೇ ಬರೆದಿರುತ್ತಿದ್ದೆವು. ಅಕ್ಕೋರು ಅದನ್ನು ಅಳಿಸುತ್ತಿರಲಿಲ್ಲ. ಕೆಳಗೆ ಪುಸ್ತಕದ ರೂಪ ಬರೆದು, “ಇದು ಶಾಲೆಗೆ, ಅದು ಮನೆಗೆ, ಎರಡೂ ನೆನಪಿರಲಿ” ಎನ್ನುತ್ತಿದ್ದರು. ಅವರು ಸ್ವತಃ ಮನೆಯಲ್ಲಿ ಕೊಂಕಣಿ ಆಡುವವರು. ಎರಡು ಮಾತಿನ ನಡುವೆ ಬದುಕಿದವರಿಗೆ ಮಾತ್ರ ಬರುವ ಮರ್ಯಾದೆ ಅದು. ಇಂದಿನ ಫೋನು ಮೇಲಿನ ಸಾಲನ್ನು ಒರೆಸಿ ಕೆಳಗಿನದನ್ನಷ್ಟೇ ಉಳಿಸುತ್ತದೆ. ಮೇಲೊಂದು ಸಾಲಿತ್ತು ಎಂಬ ಗುರುತೂ ಉಳಿಯುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಬರೆದಿಡುವ ಒಂದು ಪರಂಪರೆಯೇ ಇದೆ. ಎಲ್. ಆರ್. ಹೆಗಡೆಯವರು, ಹೊನ್ನಾವರದ ಎನ್. ಆರ್. ನಾಯಕರು, ಶಾಂತಿ ನಾಯಕರು ಊರೂರಿನ ಹಾಡು ಕತೆಗಳನ್ನು ಸಂಗ್ರಹಿಸಿದವರು. ಅಂಕೋಲಾದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿತವರಲ್ಲ, ಬಾಯಲ್ಲೇ ಅಷ್ಟೊಂದು ಹಾಡು ಹೊತ್ತವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂಥವರ ಹಾಡನ್ನು ಇಂದಿನ ಧ್ವನಿ ಬರಹದ ಮುಂದೆ ಹಾಡಿಸಿದರೆ ಹಾಲಕ್ಕಿ ಸೊಲ್ಲು ಎಷ್ಟು ಉಳಿದೀತು, ಪಠ್ಯಪುಸ್ತಕದ ಸೊಲ್ಲು ಎಷ್ಟು ಬಂದೀತು ಎಂದು ಯೋಚಿಸಿ.

ಆದ್ದರಿಂದಲೇ ನಾನು ಕೀಲಿಮಣೆಯ ಪಕ್ಷ. ಕಿನ್ನಿಕಂಬಳ ಪದ್ಮನಾಭ ರಾಯರು, ನಾವೆಲ್ಲ ಕೆ. ಪಿ. ರಾವ್ ಎನ್ನುವವರು, ಕನ್ನಡಕ್ಕೆ ಕಟ್ಟಿಕೊಟ್ಟ ವಿನ್ಯಾಸವನ್ನು ಒಮ್ಮೆ ಕೈಯಿಟ್ಟು ನೋಡಿ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಪುಕ್ಕಟೆ ಹಂಚಿದ ದೊಡ್ಡ ಮನಸ್ಸು ಅವರದು. ಅಲ್ಲಿ ವ್ಯಂಜನಕ್ಕೆ ಒಂದು ಕೀಲಿ, ಅದರ ಬೆನ್ನಿಗೆ ಸ್ವರ ಒತ್ತಿದರೆ ಅದೇ ಗುಣಿತ, ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. “ಯಾಣ” ಎಂದು ಬರೆಯಲು ವೈ, ದೊಡ್ಡ ಎ, ದೊಡ್ಡ ಎನ್, ಅಲ್ಲಿಗೆ ಮುಗಿಯಿತು. “ಬೈಂದಿಲ್ಲೆ” ಎನ್ನಲು ಒಂಬತ್ತು ಒತ್ತು. ಸಲಹೆ ಕೊಡುವ ಸೌಲಭ್ಯವನ್ನು ಬಂದ್ ಮಾಡಿಟ್ಟರೆ ಒತ್ತಿದ್ದೇ ಬರುತ್ತದೆ. ನೀನು ಹೇಳಬೇಕೆಂದದ್ದು ಬೇರೆ ಇರಬೇಕು ಎಂದು ಅದು ಊಹಿಸುವುದಿಲ್ಲ. ಸಿಗ್ನಲ್ಲು ಕೈಕೊಡುವ ಈ ಕಣಿವೆಯಲ್ಲೂ ಅದು ನಡೆಯುತ್ತದೆ. ದೂರದ ಸರ್ವರನ್ನು ನೆಚ್ಚಿದ ಮೈಕು ಇಲ್ಲಿನ ಭೈರವೇಶ್ವರ ಶಿಖರದ ಬುಡದಲ್ಲಿ ಮೂಕವಾಗುತ್ತದೆ.

ನನ್ನ ಮಾಸ್ತರ ಗೆಳೆಯರು ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ. ಯಂತ್ರ ಕಲಿಯುತ್ತದೆ, ಸ್ವಲ್ಪ ತಾಳಿ ಎನ್ನುತ್ತಾರೆ. ಗೂಗಲ್ ಅನುವಾದಕ್ಕೆ 2022ರಲ್ಲಿ ಕೊಂಕಣಿ ಬಂತು, 2024ರಲ್ಲಿ ತುಳು ಬಂತು, ನಿಮ್ಮದೂ ಬರುತ್ತದೆ ಎನ್ನುತ್ತಾರೆ. ನನಗೆ ಗಂಟು ಬೀಳುವುದು ಇಲ್ಲೇ. ಕೊಂಕಣಿಗೆ, ತುಳುವಿಗೆ ಯಂತ್ರದ ಭಾಷೆಗಳ ಪಟ್ಟಿಯಲ್ಲಿ ಹೆಸರಿದೆ. ಯಂತ್ರ ಅವನ್ನು ಕಲಿಯದಿದ್ದರೆ “ಈ ಭಾಷೆ ನನಗೆ ಬಾರದು” ಎಂದಾದರೂ ಒಪ್ಪಿಕೊಳ್ಳುತ್ತದೆ. ನಮ್ಮ ಮಾತುಗಳನ್ನು ಕನ್ನಡದ ಲೆಕ್ಕಕ್ಕೆ ಸೇರಿಸಿದ್ದಾರೆ, ಅದು ನ್ಯಾಯವೂ ಹೌದು. ಆದರೆ ಆ ಕನ್ನಡದೊಳಗೆ ನಮ್ಮದು ತಪ್ಪು ಉಚ್ಚಾರವಾಗಿ ಕೂತಿದೆ. ಹೊರಗಿನವರಿಗೆ ಗೈರುಹಾಜರಿ ಬೀಳುತ್ತದೆ, ಒಳಗಿನವರಿಗೆ ತಿದ್ದುಪಡಿ ಆಗುತ್ತದೆ.

ಪ್ರಯತ್ನ ನಡೆದೇ ಇಲ್ಲ ಎಂದಲ್ಲ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಭಾಷಿಣಿ ಎಂಬ ಭಾಷಾ ತಂತ್ರಜ್ಞಾನದ ಯೋಜನೆ ಶುರುಮಾಡಿತು. ಅದರ ಭಾಷಾದಾನದಲ್ಲಿ ಯಾರು ಬೇಕಾದರೂ ದನಿ ಕೊಡಬಹುದು. ಆದರೆ ಅದರ ‘ಬೋಲೋ ಇಂಡಿಯಾ’ದಲ್ಲಿ ಪರದೆಯ ಮೇಲೆ ಬರೆದ ವಾಕ್ಯವನ್ನು ಓದಬೇಕು. ವಾಕ್ಯ ಅವರದು, ಗಂಟಲು ನಮ್ಮದು. ನಮ್ಮ ಮಾತು ಅಲ್ಲಿಗೆ ಹೋಗುವುದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಕೈಗೊಂಡ ‘ವಾಣಿ’ ಯೋಜನೆಯ ದಾರಿ ಬೇರೆ. ಅಲ್ಲಿ ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ದೇಶದ 773 ಜಿಲ್ಲೆಗಳಿಂದಲೂ ಧ್ವನಿ ಕೂಡಿಸುವ ಗುರಿ. ಇದು ನನಗೆ ಹಿಡಿಸಿತು. ಚಿತ್ರ ನೋಡಿದರೆ ಚಿಕ್ಕಮ್ಮ ಚಿಕ್ಕಮ್ಮನ ಹಾಗೆಯೇ ಮಾತಾಡುತ್ತಾರೆ. ಆದರೆ ಕೂಡಿದ ಧ್ವನಿಯಲ್ಲಿ ಬರಹಕ್ಕಿಳಿಯುವುದು ಒಂದು ಪಾಲು ಮಾತ್ರ. ಇಳಿಸಲು ಕೂತವರಿಗೆ ಬೈಂದಿಲ್ಲೆ ಕೇಳಿದಾಗ ಅವರ ಬೆರಳು ಏನು ಬರೆಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅಲ್ಲಿಯೂ ಕೊನೆಗೆ ಬೇಕಾಗುವುದು ಕೀಲಿಮಣೆಯ ಮುಂದೆ ಕೂತ, ಕಿವಿ ಚುರುಕಿರುವ ಒಬ್ಬ ಮನುಷ್ಯ. ಕುಮಟೆಯ ಕಾಲೇಜಿನ ಹುಡುಗ ಹುಡುಗಿಯರು ಆ ಕೆಲಸಕ್ಕೆ ಕೂರಲಿ ಎಂಬುದು ನನ್ನ ಆಸೆ. ಎಲ್. ಆರ್. ಹೆಗಡೆಯವರ ಕೆಲಸದ ಮುಂದುವರಿಕೆ ಎಂದೇ ನಾನದನ್ನು ಕಾಣುತ್ತೇನೆ.

ನೀವು ಪ್ರಶ್ನೆ ಕೇಳುವ ಮೊದಲು ನಾನೇ ನಿಮ್ಮನ್ನು ಕೇಳಿಬಿಡುತ್ತೇನೆ, ಏಕೆಂದರೆ ನನಗೆ ಇದು ಬಗೆಹರಿದಿಲ್ಲ. ಪಟ್ಟಿಯಲ್ಲಿ ಬೇರೆ ಹೆಸರು ಕೊಡಿ ಎಂದು ನಾವು ಕೇಳಬೇಕೆ? ಕೇಳಿದರೆ ಫೋನು ನಮ್ಮನ್ನು ತಿದ್ದುವುದನ್ನು ನಿಲ್ಲಿಸೀತು. ಆದರೆ ಕತೆಗಾರ ಚಿತ್ತಾಲರ ಹನೇಹಳ್ಳಿ, ನಮ್ಮ ಯಕ್ಷಗಾನ ಇವೆಲ್ಲ ಕನ್ನಡದವೆಂದು ಹೇಳಿಕೊಂಡು ಬೆಳೆದ ನಾನು ಅಂಥ ಅರ್ಜಿಗೆ ಸಹಿ ಹಾಕುವುದು ಹೇಗೆ? ಇನ್ನೊಂದು. ನಮ್ಮ ಅಟ್ಟದಲ್ಲಿ ಅಜ್ಜಿಯ ದನಿಯ ಕ್ಯಾಸೆಟ್‌ಗಳಿವೆ. ಅವನ್ನು ಯಂತ್ರಕ್ಕೆ ಕಲಿಸಲು ಕೊಟ್ಟರೆ ನಮ್ಮ ಮಾತು ಅದಕ್ಕೆ ಬಂದೀತು. ಆಮೇಲೆ ಆ ದನಿ ಯಾರದು? ಯಾವ ಕಂಪನಿಯ ಯಾವ ಯಂತ್ರ ನಾಳೆ ಅಜ್ಜಿಯ ಮಾತಿನಲ್ಲಿ ನನ್ನ ಮೊಮ್ಮಗಳನ್ನು ಕರೆದು ಏನು ಮಾರೀತು? ಕೊಡದೆ ಇಟ್ಟರೆ ಆ ಟೇಪು ಮಳೆಗಾಲದ ತಂಡಿಗೆ ಬೂಸಲು ಹಿಡಿಯುತ್ತದೆ. ನೀವಾಗಿದ್ದರೆ ಕೊಡುತ್ತಿದ್ದಿರೆ?